ಹಾರನ್ ಇಲ್ಲದ ಊರಲ್ಲಿ ನಮ್ಮ ರಾಯರು

ಮತ್ತಿಕೆರೆ ಮೇನ್ ರೋಡಿನಲ್ಲಿ ಸಂಜೆ ಆರೂವರೆಗೆ ಕಾರು ಓಡಿಸಿದವನಿಗೆ ಪ್ರಪಂಚದ ಇನ್ಯಾವ ರಸ್ತೆಯೂ ಲೆಕ್ಕಕ್ಕಿಲ್ಲ ಅನ್ನುವ ಮಾತು ನಮ್ಮ ಜೆ.ಪಿ. ಪಾರ್ಕಿನ ಬೆಂಚುಗಳ ಮೇಲೆ ದಿನಕ್ಕೊಮ್ಮೆಯಾದರೂ ಹುಟ್ಟುತ್ತದೆ. ಹೇಳುವವರಲ್ಲಿ ಅರ್ಧ ಜನ ನೆಲಮಂಗಲ ದಾಟಿ ಸ್ಟಿಯರಿಂಗ್ ಹಿಡಿದವರಲ್ಲ. ಇನ್ನರ್ಧ ಜನಕ್ಕೆ ಮಗ ನ್ಯೂಜೆರ್ಸಿಯಲ್ಲಿ, ಮಗಳು ಮ್ಯೂನಿಕ್‌ನಲ್ಲಿ, ಕಾರು ಮಾತ್ರ ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿರುತ್ತದೆ. ಆದರೂ ಗತ್ತಿಗೇನೂ ಕೊರತೆಯಿಲ್ಲ. "ಅಲ್ಲೇನಿದೆ ಸ್ವಾಮಿ? ಅಗಲವಾದ ರಸ್ತೆ. ಗುಂಡಿ ಇಲ್ಲ, ಹಂಪ್ ಇಲ್ಲ, ಹಸು ಇಲ್ಲ. ಕಣ್ಮುಚ್ಕೊಂಡು ಓಡಿಸ್ಬೋದು!"

ಈ ಗತ್ತಿನವರಲ್ಲಿ ಮೊದಲ ಪಂಕ್ತಿ ನಮ್ಮ ರಾಯರದು. ಸರ್ವಿಸ್ ಮುಗಿಸಿ ಪಿಂಚಣಿ ತೆಗೆದುಕೊಳ್ಳುತ್ತಿರುವವರು, ಹಳೇ ಮಾರುತಿಯನ್ನು ಮಗನಿಗಿಂತ ಚೆನ್ನಾಗಿ ಸಾಕಿದವರು. ಆ ಮಾರುತಿಯಲ್ಲಿ ಅವರು ತರಕಾರಿ ಗಾಡಿಗೂ ಬಿಎಂಟಿಸಿ ಬಸ್ಸಿಗೂ ನಡುವಿನ ಸಂದಿಯಲ್ಲಿ ಕನ್ನಡಿ ಮಡಚಿಕೊಂಡು ತೂರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಡಗಡೆ ಹೂವಿನ ಬುಟ್ಟಿ, ಬಲಗಡೆ ರಾಂಗ್ ಸೈಡಿನಲ್ಲಿ ಬಂದ ಸ್ಕೂಟರು, ಮುಂದೆ ಮೊಬೈಲ್ ನೋಡುತ್ತಾ ರಸ್ತೆ ದಾಟುವ ಕಾಲೇಜು ಹುಡುಗ, ಹಿಂದೆ ಒಂದೇ ಸಮ ಹಾರನ್ ಒತ್ತುವ ಆಟೋ. ಯಾರಿಗೂ ತಾಕಲಿಲ್ಲ. ಯಾರನ್ನೂ ಬೈಯಲಿಲ್ಲ, ಬೈದದ್ದೇ ಆದರೆ ಗಾಜು ಏರಿಸಿಕೊಂಡು ಬೈದಿರಬೇಕು. ಇದು ವಿದ್ಯೆಯೇ ಅಲ್ಲ ಅನ್ನುವಷ್ಟು ಧೈರ್ಯ ನನಗಿಲ್ಲ.

ನನ್ನ ತಕರಾರು ಒಂದೇ. ಈ ವಿದ್ಯೆ ನಡೆಯುವುದು ಯಾವ ವೇಗದಲ್ಲಿ? ಟಾಮ್‌ಟಾಮ್ ಅನ್ನುವ ಡಚ್ ಕಂಪನಿ ವರ್ಷಾವರ್ಷ ಊರೂರಿನ ಟ್ರಾಫಿಕ್ಕಿನ ಜಾತಕ ಬರೆಯುತ್ತದೆ. 2024ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕಾಗಿತ್ತಂತೆ. ಅಂದರೆ ಗಂಟೆಗೆ ಹದಿನೆಂಟು ಕಿಲೋಮೀಟರೂ ಇಲ್ಲ. (ಲಂಡನ್ನಿನದೂ 33 ನಿಮಿಷ ಚಿಲ್ಲರೆ ಎಂದು ಅದೇ ಪಟ್ಟಿಯಲ್ಲಿತ್ತು. ಬೆಂಚಿನವರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಮೂಡಿದ ತೃಪ್ತಿಯನ್ನು ನೀವು ನೋಡಬೇಕಿತ್ತು.) ಆ ವೇಗದಲ್ಲಿ ತಾಕಿದರೆ ಬಂಪರ್ ಗೀಚುತ್ತದೆ, ಇಬ್ಬರೂ ಇಳಿಯುತ್ತಾರೆ, ನಾಲ್ಕು ಜನ ಸೇರುತ್ತಾರೆ, ಪಂಚಾಯ್ತಿ ಮುಗಿಯುತ್ತದೆ. ಜರ್ಮನಿಯ ಆಟೋಬಾನ್‌ನಲ್ಲಿ ಸರ್ಕಾರ ಶಿಫಾರಸು ಮಾಡುವ ವೇಗವೇ 130. ಅದು ನಮ್ಮದರ ಏಳು ಪಟ್ಟು. ಹೈಸ್ಕೂಲಿನ ಭೌತಶಾಸ್ತ್ರದ ಪ್ರಕಾರ ಹೊಡೆತ ನಲವತ್ತೊಂಬತ್ತು ಪಟ್ಟು. ಅಲ್ಲಿ ಪಂಚಾಯ್ತಿಗೆ ಯಾರೂ ಉಳಿಯುವುದಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲೇ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋದದ್ದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ. ಸಂದಿಯಲ್ಲಿ ತೂರುವ ಜಾಣತನಕ್ಕೆ ಅಗಲವಾದ ರಸ್ತೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನ ಹತ್ತಬೇಕಾಗಿಲ್ಲ. ಇದನ್ನು ಬೆಂಚಿನಲ್ಲಿ ಹೇಳಿದರೆ ಮಾತ್ರ ಎಲ್ಲರೂ ಎದ್ದು ಇನ್ನೊಂದು ರೌಂಡ್ ವಾಕಿಂಗ್ ಹೊರಡುತ್ತಾರೆ.

ಸರಿ, ರಾಯರ ಮಗಳು ಮ್ಯೂನಿಕ್‌ಗೆ ಬನ್ನಿ ಅಂದಳು. ಅಳಿಯನಿಗೆ ಒಂದು ವಾರ ರಜೆ, ಆಲ್ಪ್ಸ್ ದಾಟಿ ಇಟಲಿಯವರೆಗೆ ಕಾರಿನಲ್ಲೇ ಹೋಗಿಬರೋಣ ಎಂದು ಪ್ಲಾನು. "ಡ್ರೈವಿಂಗ್ ಶೇರ್ ಮಾಡ್ಕೊಳ್ಳೋಣ ಮಾವ" ಎಂದು ಅಳಿಯ ಬಾಯಿಮಾತಿಗೆ ಅಂದನಂತೆ. ಅಳಿಯಂದಿರು ಹಾಗೆಲ್ಲ ಬಾಯಿಮಾತಿಗೆ ಏನೂ ಹೇಳಬಾರದು. ರಾಯರು ಮಾರನೇ ದಿನವೇ ಯಶವಂತಪುರದ ಆರ್‌ಟಿಓದಲ್ಲಿದ್ದರು.

ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಸಿಗುವುದು ಕಷ್ಟವೇನಲ್ಲ. ಫಾರಂ 4ಎ, ಪಾಸ್‌ಪೋರ್ಟು, ಡಿಎಲ್ಲು, ಸಾವಿರ ರೂಪಾಯಿ ಶುಲ್ಕ. ವಾಯಿದೆ ಒಂದು ವರ್ಷ. ಪರೀಕ್ಷೆ ಇಲ್ಲ, ಎಂಟು ಹಾಕಿ ತೋರಿಸುವುದೂ ಇಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ದೇಶದೇಶಗಳು ಪರಸ್ಪರ ಒಪ್ಪಿಕೊಂಡ ಪುಸ್ತಕ ಅದು. ಅದರಲ್ಲಿ ಬರೆದಿರುವುದಿಷ್ಟೇ: ಈ ಮನುಷ್ಯನ ಹತ್ತಿರ ಅವನ ಊರಿನ ಲೈಸೆನ್ಸ್ ಇದೆ. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಆ ಪುಸ್ತಕಕ್ಕೆ ಕವಡೆ ಕಿಮ್ಮತ್ತಿಲ್ಲ. ಚೀನಾದವರಂತೂ ಅದನ್ನು ಮುಟ್ಟಿಯೂ ನೋಡುವುದಿಲ್ಲ. ಆದರೆ ರಾಯರು ಅದನ್ನು ಪಾರ್ಕಿಗೆ ತಂದು ತೋರಿಸಿದ ಠೀವಿ ನೋಡಿದರೆ, ವಿಶ್ವಸಂಸ್ಥೆಯೇ ಇವರ ಚಾಲನೆಯನ್ನು ಪರೀಕ್ಷಿಸಿ ಷರಾ ಬರೆದಂತಿತ್ತು. "ಇಂಟರ್‌ನ್ಯಾಶನಲ್ ಡ್ರೈವರ್ ರೀ ನಾನೀಗ" ಅಂದರು. ನಾವು ಏಳು ಜನ ಆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ, ಫೋಟೋ ಚೆನ್ನಾಗಿ ಬಂದಿಲ್ಲ ಎಂದು ತೀರ್ಮಾನಿಸಿದೆವು.

ನಾವೆಲ್ಲ ಅಕ್ಕ ಎಂದೇ ಕರೆಯುವ ಅವರ ಮನೆಯವರು ಅಂದೇ ಒಂದು ಬಾಣ ಬಿಟ್ಟರು. 2015ರಲ್ಲಿ ನಿಧಿ ತಿವಾರಿ ಅನ್ನುವ ಹೆಣ್ಣುಮಗಳು ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು ದೆಹಲಿಯಿಂದ ಲಂಡನ್ನಿಗೆ ಕಾರಿನಲ್ಲೇ ಹೋದದ್ದು, ಹದಿನೇಳು ದೇಶ ದಾಟಿದರೂ ಸ್ಟಿಯರಿಂಗ್ ಹಿಡಿದದ್ದು ಅವರೊಬ್ಬರೇ ಅನ್ನುವುದು ಅಕ್ಕನಿಗೆ ಬಾಯಿಪಾಠ. "ಪೇಪರಲ್ಲಿ ಬಂದಿತ್ತು. ಆಕೆ ಎಲ್ಲೂ 'ನಂಗೆಲ್ಲಾ ಗೊತ್ತು' ಅಂದಿರಲಿಲ್ಲ" ಎಂದರು. ಹಾಗೆ ಸ್ವಂತ ಕಾರನ್ನೇ ಗಡಿ ದಾಟಿಸಬೇಕಾದರೆ ಕಾರ್ನೆ ಎಂಬ ಕಾಗದ ಬೇರೆ ಬೇಕು. ಅದು ಕಾರಿನ ಪಾಸ್‌ಪೋರ್ಟ್. ರಾಯರ ಮಾರುತಿಗೆ ಆ ಭಾಗ್ಯವಿರಲಿಲ್ಲ.

ಮುಂದಿನದೆಲ್ಲ ನನಗೆ ಎರಡು ಮೂಲಗಳಿಂದ ತಿಳಿದದ್ದು. ರಾಯರ ವರದಿಯಲ್ಲಿ ಎಲ್ಲವೂ ಸುಸೂತ್ರ. ಅಕ್ಕನ ವರದಿಯಲ್ಲಿ ವಿವರಗಳಿವೆ. ನಾನು ಎರಡನೆಯದನ್ನು ನಂಬಿ ಬರೆಯುತ್ತಿದ್ದೇನೆ.

ವಿಮಾನ ಇಳಿದ ದಿನವೇ ಓಡಿಸುತ್ತೇನೆಂದು ರಾಯರು ಹಟ ಹಿಡಿದರಂತೆ. ಮಗಳು ಕೀಲಿ ಬಚ್ಚಿಟ್ಟಳು. ಬಚ್ಚಿಟ್ಟದ್ದು ಒಳ್ಳೆಯದಾಯಿತು. ಹದಿನೇಳು ಗಂಟೆ ಒಂದೇ ಸಮ ಎಚ್ಚರವಿದ್ದವನ ಕೈಕಾಲಿನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವನ ಚುರುಕಿಗೆ ಸಮ ಎಂದು 1997ರಲ್ಲೇ ವಿಜ್ಞಾನಿಗಳು ಪರೀಕ್ಷೆ ಮಾಡಿ ಬರೆದಿದ್ದಾರೆ. ನಮ್ಮ ದೇಶದ ಮಿತಿ 0.03. ಅಂದರೆ ಕೆಂಪೇಗೌಡ ನಿಲ್ದಾಣದಲ್ಲಿ ನಡುರಾತ್ರಿ ವಿಮಾನ ಹತ್ತಿ, ಕೂತಲ್ಲೇ ತೂಕಡಿಸಿ, ಪರದೇಶದಲ್ಲಿ ಇಳಿದು ನೇರ ಬಾಡಿಗೆ ಕಾರು ಹತ್ತುವ ಮನುಷ್ಯ, ಒಂದು ತೊಟ್ಟು ಕುಡಿಯದೆಯೇ ಕುಡುಕ. ಹುಟ್ಟಿದಾರಭ್ಯ ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ರಾಯರಿಗೆ ಈ ಮಾತು ಬಹಳ ನೋವು ಕೊಟ್ಟಿತು.

ಮರುದಿನ ಬಾಡಿಗೆ ಕಾರು ಬಂತು. ಅಳಿಯ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಾ ಒಂದೊಂದು ಗೀಚಿನ ಫೋಟೋ ತೆಗೆದ; ವಾಪಸು ಕೊಡುವಾಗ ಹಳೇ ಗೀಚು ನಮ್ಮ ತಲೆಗೆ ಬರಬಾರದಲ್ಲ. ರಾಯರು ಬಾಗಿಲು ತೆರೆದು ಕೂತರು. ಸ್ಟಿಯರಿಂಗ್ ಇರಲಿಲ್ಲ. ಅದು ಆಚೆ ಬದಿಯಲ್ಲಿತ್ತು. "ನೋಡ್ತಾ ಇದ್ದೆ, ಗ್ಲೋವ್ ಬಾಕ್ಸ್ ಚೆನ್ನಾಗಿದೆ" ಅಂದು ಇಳಿದು ಸುತ್ತಿಕೊಂಡು ಹೋದರು. ಮೊದಲ ತಿರುವಿನಲ್ಲಿ ಇಂಡಿಕೇಟರ್ ಹಾಕಿದರು. ವೈಪರ್ ಎದ್ದು ಗಾಜು ಒರೆಸಿತು. ನಮ್ಮ ಮಾರುತಿಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗೈಗೆ, ವೈಪರ್ ಎಡಗೈಗೆ. ಯುರೋಪಿನ ಕಾರುಗಳಲ್ಲಿ ಅದಲುಬದಲು. ಬಿರುಬಿಸಿಲಿನಲ್ಲಿ ಪ್ರತಿ ತಿರುವಿಗೂ ಗಾಜು ಒರೆಸಿಕೊಳ್ಳುತ್ತಾ ಹೊರಟ ಕಾರನ್ನು ಕಂಡು ಮ್ಯೂನಿಕ್ಕಿನವರು ಭಾರತೀಯರ ಶುಚಿತ್ವವನ್ನು ಮೆಚ್ಚಿಕೊಂಡಿರಬೇಕು.

ಪುಣ್ಯಕ್ಕೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲ ದೇಶದಲ್ಲೂ ಒಂದೇ ಕ್ರಮ. ಕೈ ಬದಲಾಗುತ್ತದೆ, ಕಾಲು ಬದಲಾಗುವುದಿಲ್ಲ.

ಎಡಬಲದ ವಿಷಯಕ್ಕೆ ಬಂದರೆ ಎಲ್ಲರೂ ಹೆದರುವುದು ಟ್ರಾಫಿಕ್ಕಿನಲ್ಲಿ. ಅಲ್ಲಿ ಅಪಾಯವೇ ಇಲ್ಲ. ಮುಂದಿನ ಕಾರಿನ ಬಾಲ ಹಿಡಿದರೆ ಸಾಕು, ಅವನೇ ಬಲಗಡೆ ಕರೆದುಕೊಂಡು ಹೋಗುತ್ತಾನೆ. ಎಡವಟ್ಟಾಗುವುದು ಖಾಲಿ ರಸ್ತೆಯಲ್ಲಿ. ಬೆಳಿಗ್ಗೆ ಹೋಟೆಲ್ ಗೇಟಿನಿಂದ ಹೊರಬರುವಾಗ, ಪೆಟ್ರೋಲ್ ಬಂಕಿನಿಂದ ರಸ್ತೆಗೆ ಇಳಿಯುವಾಗ, ಊಟ ಮುಗಿಸಿ ಹರಟುತ್ತಾ ಹೊರಟಾಗ. ಎದುರು ಯಾರೂ ಇಲ್ಲದಿದ್ದರೆ ಕೈ ತಾನಾಗಿ ಮತ್ತಿಕೆರೆಗೆ ತಿರುಗುತ್ತದೆ. ಅಳಿಯ ಒಂದು ಸೂತ್ರ ಹೇಳಿಕೊಟ್ಟಿದ್ದ: ಯಾವ ದೇಶವೇ ಆಗಲಿ, ಅಲ್ಲಿನ ಕಾರಿನಲ್ಲಿ ಕೂತಾಗ ಡ್ರೈವರನ ಭುಜ ರಸ್ತೆಯ ನಡುಗೆರೆಯ ಕಡೆಗೇ ಇರಬೇಕು. ಪಕ್ಕದಲ್ಲಿ ಕೂತವರು ಮೋರಿ ಕಡೆಗೆ. "ನನ್ನನ್ನ ಯಾವತ್ತೂ ಮೋರಿ ಕಡೆಗೇ ಕೂರ್ಸಿದ್ದು" ಎಂದು ಅಕ್ಕ ಅದಕ್ಕೊಂದು ವ್ಯಾಖ್ಯಾನ ಬರೆದರು. ಆದರೂ ಬಂಕಿನಿಂದ ಹೊರಬರುವಾಗೆಲ್ಲ "ರೀ, ಬಲ! ಬಲ!" ಎಂದು ಕೂಗಿದವರು ಅವರೇ. ಕಾರಿಗೆ ಏನೇನೋ ಸೆನ್ಸರ್ ಹಾಕಿಸಿಕೊಳ್ಳುತ್ತಾರೆ ಜನ. ಮದುವೆಯಾಗಿ ನಲವತ್ತು ವರ್ಷವಾದ ಹೆಂಡತಿ ಪಕ್ಕದ ಸೀಟಿನಲ್ಲಿದ್ದರೆ ಅದರ ಅಗತ್ಯವಿಲ್ಲ.

ಸ್ವೀಡನ್ನಿನವರ ಕತೆ ಇಲ್ಲಿ ನೆನಪಾಗುತ್ತದೆ. 1967ರವರೆಗೆ ಅವರೂ ನಮ್ಮ ಹಾಗೆ ಎಡಗಡೆಯವರೇ. ಆ ವರ್ಷ ಸೆಪ್ಟೆಂಬರ್ 3ರ ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತವು. ಮೆಲ್ಲನೆ ಬಲಕ್ಕೆ ಸರಿದವು. 5 ಗಂಟೆಗೆ ಮತ್ತೆ ಹೊರಟವು. ದೇಶಕ್ಕೆ ದೇಶವೇ ಹತ್ತು ನಿಮಿಷದಲ್ಲಿ ಮಗ್ಗುಲು ಬದಲಿಸಿತು. ಹೆಣಗಳು ಉರುಳುತ್ತವೆ ಎಂದುಕೊಂಡಿದ್ದವರಿಗೆ ಆಶ್ಚರ್ಯ: ಮೊದಮೊದಲು ಅಪಘಾತಗಳು ಕಡಿಮೆಯೇ ಆದವು. ಎಲ್ಲರೂ ಹೆದರಿಕೊಂಡು ಓಡಿಸುತ್ತಿದ್ದರು. ಹೆದರಿಕೆ ಹೋಗಿ ಅಭ್ಯಾಸ ಬಂದ ಮೇಲೆ ಅಪಘಾತಗಳೂ ಹಳೆಯ ಲೆಕ್ಕಕ್ಕೆ ಬಂದವು. ರಾಯರ ವಿಷಯದಲ್ಲೂ ನನಗೆ ಭಯವಿದ್ದದ್ದು ಮೊದಲ ದಿನದ್ದಲ್ಲ, ಮೂರನೇ ದಿನದ್ದು.

ಮೂರನೇ ದಿನ ಅವರ ಮತ್ತಿಕೆರೆ ಎಚ್ಚರವಾಯಿತು.

ನಮ್ಮ ರಸ್ತೆಯಲ್ಲಿ ಏನು ನಡೆಯುತ್ತದೆ ನೋಡಿ. ಇಲ್ಲಿ ನಿಯಮ ಅನ್ನುವುದು ಬೋರ್ಡಿನ ಮೇಲಿರುತ್ತದೆ. ರಸ್ತೆಯ ಮೇಲಿರುವುದು ಸಂಭಾಷಣೆ. ಹಾರನ್ ಅಂದರೆ ಬೈಗುಳವಲ್ಲ, "ನಾನಿದ್ದೇನಪ್ಪಾ" ಅನ್ನುವ ಸಮಾಚಾರ. ಕಿಟಕಿಯಿಂದ ಹೊರಗೆ ಚಾಚಿದ ಕೈ ಒಂದು ಅರ್ಜಿ. ಆಟೋದವನ ಕಾಲು ಹೊರಗೆ ಬಂದರೆ ಅದೇ ಇಂಡಿಕೇಟರು. ಎದುರಿನವನ ಕಣ್ಣು ನೋಡಿ, ಇವನು ಬಿಡುತ್ತಾನೋ ಇಲ್ಲವೋ ಎಂದು ಅಳೆದು, ಅರ್ಧ ಅಡಿ ಮೂತಿ ತೂರಿಸಿ, ಅವನು ನಿಂತರೆ ಹೋಗುವುದು, ನಿಲ್ಲದಿದ್ದರೆ ಹಲ್ಲು ಕಿರಿಯುವುದು. ಹಸಿರು ದೀಪ ಬಿದ್ದರೂ ನಾವು ಎಡಬಲ ನೋಡಿಯೇ ಹೋಗುತ್ತೇವೆ. ಯಾಕೆಂದರೆ ಕೆಂಪಿನ ಕಡೆಯವನೂ ನಮ್ಮವನೇ, ಅವನ ಬುದ್ಧಿ ನಮಗೆ ಗೊತ್ತು.

ಅಲ್ಲಿ ಹಾಗಿಲ್ಲ. ಹಸಿರು ದೀಪ ಕಂಡವನು ಎಂಬತ್ತರ ವೇಗದಲ್ಲಿ ಬ್ರೇಕಿನ ಮೇಲೆ ಕಾಲೂ ಇಡದೆ ಬರುತ್ತಾನೆ. ನೀವು ನಿಂತಿರುತ್ತೀರಿ ಎಂದು ಅವನು ನಂಬಿಬಿಟ್ಟಿದ್ದಾನೆ. ಪರಿಚಯವಿಲ್ಲ, ಮುಖ ನೋಡಿಲ್ಲ, ಆದರೂ ನಂಬಿದ್ದಾನೆ. ಅಂಥವನ ಮುಂದೆ ಅರ್ಧ ಅಡಿ ಮೂತಿ ತೂರಿಸಿದರೆ ಅವನಿಗೆ ಅದು ಅರ್ಜಿ ಎಂದು ಗೊತ್ತಾಗುವುದಿಲ್ಲ. ನಮ್ಮವರು ಪರದೇಶದಲ್ಲಿ ಕೆಡುವುದು ಓಡಿಸಲು ಬಾರದೆ ಅಲ್ಲ. ಇಷ್ಟು ಜಾಣತನದಿಂದ ಓಡಿಸಲು ಬರುವುದರಿಂದ.

ಸರ್ಕಲ್ಲನ್ನೇ ತೆಗೆದುಕೊಳ್ಳಿ. ಬಿಇಎಲ್ ಸರ್ಕಲ್ಲಿನಲ್ಲಿ ಮೊದಲು ನುಗ್ಗಿದವನೇ ದೊಡ್ಡವನು. ಯುರೋಪಿನಲ್ಲಿ ಸಾಮಾನ್ಯವಾಗಿ ಒಳಗೆ ಸುತ್ತುತ್ತಿರುವವನಿಗೆ ದಾರಿ, ಹೊರಗಿನವನು ಕಾಯಬೇಕು. ರಾಯರು ಮೊದಲು ನುಗ್ಗಿದರು; ಒಳಗಿದ್ದವನು ಗಕ್ಕನೆ ನಿಂತ. ಹಾರನ್ ಹೊಡೆಯಲಿಲ್ಲ. ಬರೀ ನೋಡಿದ. "ಆ ನೋಟಕ್ಕಿಂತ ನಮ್ಮ ಆಟೋದವನ ಬೈಗುಳ ವಾಸಿ" ಎಂದು ರಾಯರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಒಳಗೆ ಹೋದವರು ಹೊರಬರುವ ದಾರಿ ಗೊತ್ತಾಗದೆ ಪೂರ್ತಿ ಸುತ್ತು ಹಾಕಿದರು, ಮತ್ತೊಂದು ಹಾಕಿದರು. ಹಿಂದೆ ಕೂತಿದ್ದ ಮೊಮ್ಮಗ ಚಪ್ಪಾಳೆ ತಟ್ಟಿದ. ದಾರಿ ತಪ್ಪಿದಾಗ ಗಕ್ಕನೆ ಕತ್ತರಿಸುವುದಕ್ಕಿಂತ ಇನ್ನೊಂದು ಸುತ್ತು ಹಾಕುವುದೇ ಕ್ಷೇಮ ಎಂದು ಬಲ್ಲವರು ಹೇಳುತ್ತಾರಾದ್ದರಿಂದ ಈ ಒಂದು ವಿಷಯದಲ್ಲಿ ನಾನು ರಾಯರ ಪಕ್ಷ. ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಿನಲ್ಲಿ 1972ರಿಂದ ಒಂದು ಮಹಾಸರ್ಕಲ್ ಇದೆ: ನಡುವೆ ಒಂದು, ಅದರ ಸುತ್ತ ಐದು ಪುಟ್ಟವು. ಅದನ್ನು ಅವರು ಮ್ಯಾಜಿಕ್ ಎಂದು ಕರೆಯುತ್ತಾರೆ. ಗೊರಗುಂಟೆಪಾಳ್ಯವನ್ನು ದಿನಾ ದಾಟುವ ನಮಗೆ ಅದೇನು ಮ್ಯಾಜಿಕ್ಕೋ!

ಫ್ರಾನ್ಸಿನಲ್ಲಿ ಮಾತ್ರ ನಮ್ಮವರಿಗೆ ಆಪ್ತವಾದ ಒಂದು ಕಾನೂನಿದೆ. ಬೋರ್ಡು ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೇ ಮೊದಲ ದಾರಿ. ನೀವು ದೊಡ್ಡ ರಸ್ತೆಯಲ್ಲಿರಿ, ಅವನು ಗಲ್ಲಿಯಿಂದ ಬರಲಿ, ನಿಲ್ಲಬೇಕಾದವರು ನೀವು. ತ್ರಿವೇಣಿ ರಸ್ತೆಯ ಅಡ್ಡರಸ್ತೆಗಳಿಂದ ಬುಸ್ಸನೆ ಮೂತಿ ಚಾಚುವ ಆಟೋದವರು ಫ್ರೆಂಚ್ ಕಾನೂನು ಓದಿಕೊಂಡವರು ಎಂದು ನನಗೆ ತಿಳಿದದ್ದು ಈಚೆಗೆ.

ಹೆಡ್‌ಲೈಟಿನದು ಇನ್ನೂ ಅಪಾಯದ ಕತೆ. ನಮ್ಮಲ್ಲಿ ಎದುರಿನವನು ಎರಡು ಸಲ ಲೈಟ್ ಹೊಡೆದರೆ "ನಾನು ಬರ್ತಿದ್ದೀನಿ, ನೀನು ನಿಲ್ಲು" ಎಂದರ್ಥ. ಇಂಗ್ಲೆಂಡಿನ ರಸ್ತೆಗಳಲ್ಲಿ ರೂಢಿಯಲ್ಲಿ ಅದರರ್ಥ "ನೀನೇ ಹೋಗಪ್ಪ". ಅಲ್ಲಿನ ಹೈವೇ ಕೋಡ್ ಎರಡೂ ಅಲ್ಲ, ನೀನಿರುವುದನ್ನು ತಿಳಿಸಲು ಮಾತ್ರ ಲೈಟ್ ಹೊಡೆ ಅನ್ನುತ್ತದೆ. ಮತ್ತಿಕೆರೆಯವನೊಬ್ಬ ಲೈಟ್ ಹೊಡೆದು ನುಗ್ಗಿದರೆ, ಎದುರಿನ ಇಂಗ್ಲಿಷಿನವನು ಅದನ್ನು ಸೌಜನ್ಯವೆಂದು ತಿಳಿದು ಕೈಯೆತ್ತಿ ಥ್ಯಾಂಕ್ಸ್ ಹೇಳುತ್ತಾ ತಾನೂ ನುಗ್ಗುತ್ತಾನೆ. ಇಬ್ಬರೂ ಸಭ್ಯರು, ಇಬ್ಬರೂ ಆಸ್ಪತ್ರೆಯಲ್ಲಿ. ಹಾರನ್ನಿಗೂ ಅದೇ ಕೋಡಿನಲ್ಲಿ ಕಟ್ಟಳೆಯಿದೆ. ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಬಾರಿಸುವಂತಿಲ್ಲ. ರಾಯರು ಮ್ಯೂನಿಕ್‌ನಲ್ಲಿ ಹೊಡೆದದ್ದು ಹಗಲಿನಲ್ಲೇ, ಸುಮ್ಮನೆ ಅಭ್ಯಾಸಬಲದಿಂದ, ಪಕ್ಕದಲ್ಲಿ ಸೈಕಲ್ಲಿನವನು ಹೋಗುತ್ತಿದ್ದ ಎಂದು. ರಸ್ತೆಯ ಎರಡೂ ಬದಿಯ ಜನ ತಿರುಗಿ ನೋಡಿದರಂತೆ. ಮಗಳು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತಳಂತೆ.

ಇನ್ನು ಆಟೋಬಾನ್. ಅಲ್ಲಿ ಎಡಗಡೆಯ ಲೇನು ಓವರ್‌ಟೇಕಿಗೆ ಮಾತ್ರ. ಬಲಗಡೆಯಿಂದ ಓವರ್‌ಟೇಕ್ ಮಾಡುವುದು ಅಪರಾಧ. ನಮ್ಮ ತುಮಕೂರು ರಸ್ತೆಯಲ್ಲಿ ಬಲತುದಿಯ ಲೇನಿನಲ್ಲಿ ಲಾರಿ ನಲವತ್ತರಲ್ಲಿ ಧ್ಯಾನ ಮಾಡುತ್ತಾ ಹೋಗುತ್ತಿರುತ್ತದೆ, ಮಿಕ್ಕವರು ಅದರ ಎಡದಿಂದ ಹಾವಿನ ಹಾಗೆ ಹೊಸೆದುಕೊಂಡು ಹೋಗುತ್ತಾರೆ. ಆ ಅಭ್ಯಾಸದಲ್ಲಿ ರಾಯರು ಎಡ ಲೇನಿಗೆ ಹೋದವರು ಅಲ್ಲೇ ಸಂಸಾರ ಹೂಡಿದರು. ಕನ್ನಡಿಯಲ್ಲಿ ಒಂದು ಚುಕ್ಕಿ ಕಂಡಿತು. ಅಲ್ಲಿ ಕೆಲವು ಕಡೆ ಮೇಲ್ಮಿತಿಯೇ ಇಲ್ಲ. 200ರಲ್ಲಿ ಬರುವವನು ಒಂದು ಸೆಕೆಂಡಿಗೆ ಐವತ್ತೈದು ಮೀಟರ್ ಬರುತ್ತಾನೆ. "ಮಾವ, ಬಲಕ್ಕೆ ಬನ್ನಿ" ಎಂದು ಅಳಿಯ ಹೇಳುವಷ್ಟರಲ್ಲಿ ಚುಕ್ಕಿ ಬಂಪರಿನ ಹಿಂದಿತ್ತು. ರಾಯರು ಬಲಕ್ಕೆ ಬಂದರು. ಬಂದವರು ಮುಂದಿನ ಅರ್ಧ ಗಂಟೆ ಮಾತಾಡಲಿಲ್ಲ ಎಂದು ಅಕ್ಕ ಬಹಳ ಸಂತೋಷದಿಂದ ಹೇಳಿದರು.

ಆ ಮೌನದಲ್ಲೇ ಅವರು ಕಂಡ ಒಂದು ದೃಶ್ಯವನ್ನು ಮಾತ್ರ ರಾಯರು ಯಾವ ಬಡಾಯಿಯೂ ಇಲ್ಲದೆ ವರ್ಣಿಸುತ್ತಾರೆ. ಮುಂದೆಲ್ಲೋ ಅಪಘಾತವಾಗಿ ವಾಹನಗಳು ನಿಧಾನವಾದವು. ಆಂಬುಲೆನ್ಸ್ ಇನ್ನೂ ಕಂಡಿಲ್ಲ, ಸೈರನ್ ಕೇಳಿಲ್ಲ. ಆದರೂ ಎಡ ಲೇನಿನವರೆಲ್ಲ ಎಡದ ಅಂಚಿಗೆ ಸರಿದರು, ಮಿಕ್ಕವರೆಲ್ಲ ಬಲಕ್ಕೆ. ನಡುವೆ ಖಾಲಿ ಓಣಿ ಬಿತ್ತು. ವಾಹನಗಳು ನಿಧಾನವಾದೊಡನೆ ಆ ಓಣಿ ಬಿಡಬೇಕೆಂಬುದು ಅಲ್ಲಿಯ ಕಾನೂನು. ಬಿಡದಿದ್ದರೆ ದಂಡ 200 ಯೂರೋದಿಂದ ಶುರು. ಸ್ವಲ್ಪ ಹೊತ್ತಿನ ಮೇಲೆ ಆಂಬುಲೆನ್ಸ್ ಬಂತು, ನಿಲ್ಲದೆ ಹೋಯಿತು. "ನಮ್ಮಲ್ಲಾಗಿದ್ರೆ ಆ ಖಾಲಿ ಓಣಿಲಿ ಅಷ್ಟೊತ್ತಿಗೆ ಎಷ್ಟು ಬೈಕ್ ನುಗ್ತಿತ್ತು ಹೇಳಿ" ಎಂದರು ರಾಯರು. ಹೆಬ್ಬಾಳದ ಫ್ಲೈಓವರ್ ಮೇಲೆ ಆಂಬುಲೆನ್ಸ್ ಹಿಂದೆಯೇ ಅಂಟಿಕೊಂಡು ಹೋಗಿ ಟ್ರಾಫಿಕ್ ದಾಟಿದ ಸಾಹಸವನ್ನು ಇದೇ ಬೆಂಚಿನಲ್ಲಿ ಹೇಳಿದವರೊಬ್ಬರು ಆಗ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದರು.

ಆಲ್ಪ್ಸ್ ಘಾಟಿಯಲ್ಲಿ ರಾಯರಿಗೆ ಪೂರ್ತಿ ಅಂಕ ಕೊಡಲೇಬೇಕು. ಇಳಿಜಾರಿನಲ್ಲಿ ಬ್ರೇಕು ಒತ್ತಿಕೊಂಡೇ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಸಣ್ಣ ಗೇರಿಗೆ ಹಾಕಿ ಇಂಜಿನ್ನಿನ ಬಿಗಿಯಲ್ಲಿ ಇಳಿಯಬೇಕು. ಚಾರ್ಮಾಡಿ, ಆಗುಂಬೆ ಇಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಳಿಯನೇ "ಮಾವ, ನೀವೇ ಓಡ್ಸಿ" ಎಂದು ಕೊಟ್ಟನಂತೆ, ಈ ಸಲ ಬಾಯಿಮಾತಿಗಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ಮೊದಲೇ ವಿನ್ಯೆಟ್ ಎಂಬ ಟೋಲ್ ಚೀಟಿ ಕೊಂಡಿರಬೇಕು, ಬ್ರೆನ್ನರ್ ಘಾಟಿಗೆ ಮತ್ತೆ ಬೇರೆ ಟೋಲು. "ಇಷ್ಟೆಲ್ಲ ಮುಂದುವರಿದ ದೇಶ, ಒಂದು ಫಾಸ್ಟ್ಯಾಗ್ ಮಾಡ್ಕೊಳಕ್ಕಾಗಿಲ್ವಾ" ಎಂದು ರಾಯರು ಗೊಣಗಿದ್ದು ನ್ಯಾಯವೇ. ದಾರಿಯಲ್ಲಿ ಟೈರು ಪಂಕ್ಚರಾದಾಗ ಕಾರಿನಿಂದ ಇಳಿಯುವ ಮೊದಲೇ ಹೊಳೆಯುವ ಜಾಕೆಟ್ ತೊಡಬೇಕು, ಹಿಂದೆ ದೂರದಲ್ಲಿ ತ್ರಿಕೋನ ಇಡಬೇಕು. ನಮ್ಮಲ್ಲಿ ಆ ಜಾಗಕ್ಕೆ ಎರಡು ಕಲ್ಲು, ಒಂದು ಮರದ ಕೊಂಬೆ ಇಡುವುದು, ಹೊರಡುವಾಗ ಅವನ್ನು ಅಲ್ಲೇ ಬಿಟ್ಟು ಹೋಗುವುದು. ಜಾಕೆಟ್ ತೊಟ್ಟ ರಾಯರ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ಮೆಟ್ರೋ ಕಾಮಗಾರಿ ಪರಿಶೀಲಿಸಲು ಬಂದ ಸಾಹೇಬರೆಂದೇ ತಿಳಿದು ಒಬ್ಬರು ಕೈ ಮುಗಿದರು.

ಊಟದ ವಿಷಯ ಹೇಳದಿದ್ದರೆ ಅಕ್ಕ ಕೋಪಿಸಿಕೊಳ್ಳುತ್ತಾರೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡು ಬಗೆ ಉಪ್ಪಿನಕಾಯಿ. ಮಧ್ಯಾಹ್ನ ಮೊಸರನ್ನ ಹೊಡೆದು ಸ್ಟಿಯರಿಂಗ್ ಹಿಡಿದರೆ ಆಲ್ಪ್ಸ್ ಎರಡೆರಡಾಗಿ ಕಾಣತೊಡಗುತ್ತದೆ. ಹಾಗಾಗಿ ಮೊಸರನ್ನ ತಿಂದವರು ಓಡಿಸುವಂತಿಲ್ಲ ಎಂದು ಅಕ್ಕನೇ ಕಾಯಿದೆ ಮಾಡಿದರು. ಅಳಿಯ ಬ್ರೆಡ್ಡು ತಿಂದ, ಅವನೇ ಓಡಿಸಿದ. ಮೊಮ್ಮಗನನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿಕೊಳ್ಳುವ ಆಸೆಯೂ ಈಡೇರಲಿಲ್ಲ. ಜರ್ಮನಿಯಲ್ಲಿ ಹನ್ನೆರಡು ತುಂಬುವವರೆಗೆ, ಇಲ್ಲವೇ ಒಂದೂವರೆ ಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳಿಗೆ ತಕ್ಕ ಸೀಟೇ ಬೇಕು. "ನಾವು ನಾಲ್ಕು ಮಕ್ಕಳನ್ನ ಒಂದು ಸ್ಕೂಟರಲ್ಲಿ ಬೆಳೆಸಿದ್ವಿ" ಅಂದರು ಅಕ್ಕ. ಬೆಲ್ಟು ಮಾತ್ರ ಎಲ್ಲರಿಗಿಂತ ಮೊದಲು ಹಾಕಿಕೊಂಡರು.

ಇಷ್ಟಾದರೂ ರಾಯರಿಗೆ ಸಮಾಧಾನವಿಲ್ಲ. ಮುಂದಿನ ವರ್ಷ ನ್ಯೂಜೆರ್ಸಿ ಅನ್ನುತ್ತಿದ್ದಾರೆ. ಮಗ ಈಗಿನಿಂದಲೇ ಫೋನಿನಲ್ಲಿ ಪಾಠ ಶುರು ಮಾಡಿದ್ದಾನೆ. ಅಲ್ಲಿ ಹಳದಿ ಸ್ಕೂಲ್ ಬಸ್ ನಿಂತು ಕೆಂಪು ದೀಪ ಮಿನುಗಿಸಿದರೆ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಹಿಂದಿನವರು ಮಾತ್ರವಲ್ಲ, ಎದುರಿನವರೂ ನಿಲ್ಲಬೇಕು. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವಲ್ಲಿ ಎಲ್ಲರೂ ಪೂರ್ತಿ ನಿಂತು, ಮೊದಲು ಬಂದವರು ಮೊದಲು ಹೊರಡಬೇಕು. "ಯಾರು ಮೊದಲು ಬಂದ್ರು ಅಂತ ಯಾರು ತೀರ್ಮಾನಿಸ್ತಾರೆ?" ಎಂದು ರಾಯರು ಕೇಳಿದರು. ಪ್ರಶ್ನೆ ಕೇಳಿ ಮಗ ಸ್ವಲ್ಪ ಹೊತ್ತು ಸುಮ್ಮನಾದನಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಪೊಲೀಸರದು. ಹಿಂದೆ ದೀಪ ಮಿನುಗಿದರೆ ಬದಿಗೆ ನಿಲ್ಲಿಸಿ, ಕೈ ಎರಡೂ ಸ್ಟಿಯರಿಂಗ್ ಮೇಲೆ ಕಾಣುವ ಹಾಗೆ ಇಟ್ಟು, ಕೂತೇ ಇರಬೇಕು. ಕಾಗದಕ್ಕೆಂದು ಜೇಬಿಗೆ ಕೈ ಹಾಕಬಾರದು, ಇಳಿಯಲೇಬಾರದು. ರಾಯರ ಪದ್ಧತಿ ತದ್ವಿರುದ್ಧ: ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು, ನಗುತ್ತಾ, "ಏನ್ ಸಾರ್, ಆರಾಮಾ?" ಎಂದು ಪಕ್ಕಕ್ಕೆ ಕರೆದುಕೊಂಡು ಹೋಗುವುದು. ಈ ಒಂದು ಅಭ್ಯಾಸ ಬಿಡಿಸಲು ಅಕ್ಕ ಮನೆಯ ಸೋಫಾದ ಮೇಲೆ ರಾಯರನ್ನು ಕೂರಿಸಿ ರಿಹರ್ಸಲ್ ಮಾಡಿಸುತ್ತಿದ್ದಾರೆ. ನ್ಯೂಜೆರ್ಸಿಯಲ್ಲಿ ಒಂದು ಸುಖ ಮಾತ್ರ ಉಂಟು. ಅಲ್ಲಿ ಬಂಕಿನಲ್ಲಿ ಗಿರಾಕಿಗಳು ತಾವೇ ಪೆಟ್ರೋಲ್ ಹಾಕಿಕೊಳ್ಳುವುದನ್ನು 1949ರಿಂದಲೇ ನಿಷೇಧಿಸಿದ್ದಾರೆ. ಯುರೋಪಿನ ಬಂಕಿನಲ್ಲಿ ಗಾಜು ಇಳಿಸಿಕೊಂಡು "ಫುಲ್ ಟ್ಯಾಂಕ್" ಎಂದು ಗಾಳಿಗೆ ಹೇಳುತ್ತಾ ಕೂತಿದ್ದ ರಾಯರಿಗೆ ಅಲ್ಲಿ ಮರ್ಯಾದೆ ಸಿಗುತ್ತದೆ.

ವಾಪಸು ಬಂದ ಮೇಲೆ ಕೆಲವು ದಿನ ಅವರು ಎಂ.ಎಸ್. ರಾಮಯ್ಯ ಕಾಲೇಜಿನ ಕಡೆಯ ಜೀಬ್ರಾ ಕ್ರಾಸಿಂಗುಗಳಲ್ಲಿ ಕಾರು ನಿಲ್ಲಿಸಿ ಹುಡುಗರಿಗೆ ದಾರಿ ಬಿಡುತ್ತಿದ್ದರು. ಹುಡುಗರು ಅನುಮಾನದಿಂದ ದಾಟಲಿಲ್ಲ. ಹಿಂದಿನ ಟೆಂಪೋದವನು ಗಾಡಿ ಕೆಟ್ಟಿದೆಯೆಂದು ತಿಳಿದು ಇಳಿದು ಬಂದು ತಳ್ಳಲು ಶುರು ಮಾಡಿದ. ಅಲ್ಲಿಗೆ ಆ ಪ್ರಯೋಗ ನಿಂತಿತು.

ಈಗ ಹೊಸ ಸಮಾಚಾರ. ಪ್ರವಾಸ ಮುಗಿದು ತಿಂಗಳುಗಳೇ ಆದ ಮೇಲೆ ಮತ್ತಿಕೆರೆ ಮನೆಗೆ ಇಟಲಿಯಿಂದ ರಿಜಿಸ್ಟರ್ಡ್ ಅಂಚೆ ಬಂದಿದೆ. ಫ್ಲಾರೆನ್ಸಿನ ಹಳೇ ಪೇಟೆಯೊಳಕ್ಕೆ ಹೊರಗಿನವರ ಕಾರು ಹೋಗುವಂತಿಲ್ಲ. ಬಿಳಿ ಬೋರ್ಡಿನ ಮೇಲೆ ಕೆಂಪು ವೃತ್ತ ಇರುತ್ತದೆ, ಪಕ್ಕದಲ್ಲಿ ಕ್ಯಾಮೆರಾ ಇರುತ್ತದೆ. ಪೊಲೀಸರಿಲ್ಲ, ಗೇಟಿಲ್ಲ, ಕೈ ಅಡ್ಡ ಹಾಕುವವರಿಲ್ಲ. "ಯಾರೂ ತಡೀಲಿಲ್ಲ, ಅದಕ್ಕೇ ಹೋದೆ" ಅನ್ನುತ್ತಾರೆ ರಾಯರು. ಹೋದದ್ದು ಮಾತ್ರವಲ್ಲ, ಪಾರ್ಕಿಂಗ್ ಹುಡುಕುತ್ತಾ ಮತ್ತೆ ಹೊರಬಂದು ಮತ್ತೆ ಹೋಗಿದ್ದಾರೆ. ಪ್ರತಿ ಪ್ರವೇಶಕ್ಕೂ ಬೇರೆ ದಂಡ. ಬಾಡಿಗೆ ಕಂಪನಿಯವರು ರಾಯರ ವಿಳಾಸ ಕೊಟ್ಟದ್ದಕ್ಕೆ ತಮ್ಮದೊಂದು ಶುಲ್ಕವನ್ನು ಆಗಲೇ ಕಾರ್ಡಿನಿಂದ ಎಳೆದುಕೊಂಡಿದ್ದಾರೆ. ವಿದೇಶದವರಿಗೆ ನೋಟಿಸು ಕಳಿಸಲು ಇಟಲಿಯವರಿಗೆ 360 ದಿನ ಕಾಲಾವಕಾಶವಿದೆ, ಅವರಿಗೇನೂ ಅವಸರವಿಲ್ಲ.

ಬೆಂಚಿನಲ್ಲಿ ಸಭೆ ಸೇರಿತು. ಫಿನ್‌ಲೆಂಡಿನಲ್ಲಿ ದಂಡವನ್ನು ಆದಾಯ ನೋಡಿ ಹಾಕುತ್ತಾರೆ, 2023ರಲ್ಲಿ ಆಲಂಡ್ ದ್ವೀಪದ ಶ್ರೀಮಂತರೊಬ್ಬರು 50ರ ರಸ್ತೆಯಲ್ಲಿ 82ರಲ್ಲಿ ಹೋಗಿ 1,21,000 ಯೂರೋ ಕಟ್ಟಿದರು ಎಂದು ನಾನು ಸಮಾಧಾನಕ್ಕೆ ಹೇಳಿದೆ. ಪಿಂಚಣಿ ನೋಡಿ ಹಾಕಿದ್ದರೆ ಚೆನ್ನಾಗಿತ್ತು ಎಂದರು ರಾಯರು. ಅವರ ಲೆಕ್ಕಾಚಾರ ಬೇರೆಯೇ ಇತ್ತು. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತಲ್ಲ, 2025ರಲ್ಲೂ ಮತ್ತೆ ಕೊಟ್ಟಿತು. ಅವಸರದಲ್ಲಿ ಪೂರ್ತಿ ಕಟ್ಟಿದವರು ಪೆದ್ದರಾದರು, ಕಾದವರು ಗೆದ್ದರು. "ಇಟಲಿಯವ್ರೂ ಮನುಷ್ಯರೇ ಅಲ್ವೇನ್ರೀ. ಒಂದು ವರ್ಷ ಸುಮ್ನಿದ್ರೆ ಅವ್ರೂ ಅರ್ಧಕ್ಕೆ ಇಳೀತಾರೆ" ಎಂದು ಕಾಗದವನ್ನು ದೇವರ ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟರು.

ನಿನ್ನೆ ಅಳಿಯ ಆ ಕಾಗದದ ಫೋಟೋ ತರಿಸಿಕೊಂಡು ಪೂರ್ತಿ ಓದಿದ. ರಿಯಾಯಿತಿ ಇದೆಯಂತೆ, ಶೇಕಡಾ 30. ಕಾಗದ ಕೈ ಸೇರಿದ ಐದು ದಿನದೊಳಗೆ ಕಟ್ಟಿದವರಿಗೆ.